ತಂಗಿಯ ಎಂಡೊಮೆಟ್ರಿಯೋಸಿಸ್ ಆಪರೇಷನ್‌ಗೆ ಮೊದಲು ಎಂಆರ್‌ಐ ಬೇಕೇ? ವರದಿಯಲ್ಲಿ ಏನೇನು ಇರಬೇಕು?

ಮಂಡ್ಯದ ಉಪನ್ಯಾಸಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ಪ್ರಶ್ನೆ ನನ್ನ ತಂಗಿಯದು, ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವಳಿಗೆ ಈಗ 27 ವರ್ಷ, ಮದುವೆಯಾಗಿಲ್ಲ, ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಹದಿನಾಲ್ಕನೆಯ ವಯಸ್ಸಿನಿಂದಲೂ ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಷ್ಟು ಹೊಟ್ಟೆನೋವು. ಮದುವೆಯಾಗಿ ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಲೇ ಬಂದರು, ನಾನೂ ಅದನ್ನೇ ನಂಬಿದ್ದೆ. ಈಗ ಅದನ್ನು ನೆನೆದರೆ ಸಂಕಟವಾಗುತ್ತದೆ. ಕಳೆದ ಒಂದು ವರ್ಷದಿಂದ ಮುಟ್ಟಾದಾಗ ಮಲವಿಸರ್ಜನೆಗೆ ಕುಳಿತರೆ ಒಳಗೆ ಯಾರೋ ಇರಿದಂತೆ ನೋವು ಬರುತ್ತದೆ, ಉಳಿದ ದಿನಗಳಲ್ಲಿ ಅದು ಇರುವುದಿಲ್ಲ ಎನ್ನುತ್ತಾಳೆ.

ಎರಡು ತಿಂಗಳ ಹಿಂದೆ ಮಂಡ್ಯದಲ್ಲಿ ಹೊಟ್ಟೆಯ ಮೇಲಿನಿಂದ ಸ್ಕ್ಯಾನಿಂಗ್ ಮಾಡಿಸಿದೆವು. ಎಡ ಅಂಡಾಶಯದಲ್ಲಿ 5.2 ಸೆಂ.ಮೀ. ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಚೀಲ) ಇದೆ, ಗರ್ಭಕೋಶ ಸಹಜವಾಗಿದೆ ಎಂದು ವರದಿ ಬಂತು. ಮೊದಲು ತೋರಿಸಿದ ಡಾಕ್ಟರು ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್) ಸಿಸ್ಟ್ ತೆಗೆದುಬಿಡೋಣ, ಒಳಗೆ ಬೇರೇನಾದರೂ ಇದ್ದರೆ ಆಗ ನೋಡಿಕೊಳ್ಳೋಣ ಎಂದರು. ಮೈಸೂರಿನಲ್ಲಿ ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಆ ಡಾಕ್ಟರಮ್ಮ ಅರ್ಧ ಗಂಟೆ ಪ್ರಶ್ನೆ ಕೇಳಿ, ಮಲವಿಸರ್ಜನೆಯ ನೋವಿನ ವಿಚಾರ ಕೇಳಿದೊಡನೆ ಪೆನ್ನು ಕೆಳಗಿಟ್ಟು, ಎಂಡೊಮೆಟ್ರಿಯೋಸಿಸ್, ಎಂದರೆ ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ, ಅದಕ್ಕೆಂದೇ ಮಾಡುವ ಎಂಆರ್‌ಐ ಆಗುವವರೆಗೂ ಆಪರೇಷನ್ ದಿನಾಂಕ ಕೊಡುವುದಿಲ್ಲ ಎಂದುಬಿಟ್ಟರು.

ನಮ್ಮ ತಂದೆ ಕಬ್ಬು ಬೆಳೆಯುವವರು. ಗಡ್ಡೆ ಎಲ್ಲಿದೆ ಎಂದು ಒಂದು ಫೋಟೋದಲ್ಲಿ ಕಂಡಮೇಲೆ ಇನ್ನೊಂದು ಫೋಟೋ ಯಾಕೆ, ಮದುವೆಯಾಗದ ಹುಡುಗಿಗೆ ಅಷ್ಟು ಕಿರಣ ಹಾಯಿಸುವುದು ಒಳ್ಳೆಯದೇ ಎಂದು ಕೇಳುತ್ತಾರೆ. ಅವರದು ಜಿಪುಣತನವಲ್ಲ, ಭಯ. ಅವರಿಗೆ ಸರಿಯಾದ ಉತ್ತರ ಕೊಡಲು ನನಗೇ ತಿಳಿಯದು. ಎಂಆರ್‌ಐನಲ್ಲಿ ಹೆಚ್ಚಾಗಿ ಕಾಣುವುದೇನು? ಅದನ್ನು ಮುಟ್ಟಿನ ಸಮಯದಲ್ಲೇ ಮಾಡಿಸಬೇಕೇ? ರಕ್ತನಾಳಕ್ಕೆ ಔಷಧಿ ಹಾಕಿ ಮಾಡುವುದು ಅಗತ್ಯವೇ? ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಅವಳಿಗೆ ಬೇಡವೆಂದರೆ ನಷ್ಟವಿದೆಯೇ? ಎಂಆರ್‌ಐನಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಅಷ್ಟೇ ಎಂದು ನೆಮ್ಮದಿಯಾಗಿರಬಹುದೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಮೈಸೂರಿನ ರೇಡಿಯಾಲಜಿಸ್ಟ್

ಮೇಡಂ, ನಾನು ಹದಿನಾರು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ, ಅದರಲ್ಲಿ ಬಹುಪಾಲು ಸ್ತ್ರೀರೋಗಗಳ ಚಿತ್ರಗಳನ್ನು ಓದುವುದೇ ಆಗಿದೆ. ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಎಂಆರ್‌ಐನಲ್ಲಿ ಎಕ್ಸ್-ರೇ ಕಿರಣ ಇಲ್ಲವೇ ಇಲ್ಲ. ಅದು ಆಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ತೆಗೆಯುವ ಯಂತ್ರ. ಕಿರಣದ ಭಯ ಇರಬೇಕಾದದ್ದು ಸಿಟಿ ಸ್ಕ್ಯಾನ್‌ಗೆ, ಮತ್ತು ಈ ಕಾಯಿಲೆಯ ಗಂಟುಗಳನ್ನು ಹುಡುಕುವುದಕ್ಕೆ ಸಿಟಿ ಒಳ್ಳೆಯ ಸಾಧನವೂ ಅಲ್ಲ. ಯಾರಾದರೂ ಎಂಆರ್‌ಐ ಬದಲು ಸಿಟಿ ಮಾಡಿಸಿದರೆ ಸಾಕು ಎಂದರೆ ಒಪ್ಪಬೇಡಿ.

ಈಗ ಮುಖ್ಯ ವಿಷಯ. ಸ್ಕ್ಯಾನಿಂಗ್‌ನಲ್ಲಿ ಕಂಡ ಸಿಸ್ಟ್ ಈ ಕಾಯಿಲೆಯ ಸುಲಭವಾಗಿ ಕಾಣುವ ಭಾಗ ಮಾತ್ರ. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಹೊರಗೆ ಮೂರು ಬಗೆಯಲ್ಲಿ ನೆಲೆಸುತ್ತದೆ: ಹೊಟ್ಟೆಯೊಳಗಿನ ಪೊರೆಯ ಮೇಲೆ ಸಣ್ಣ ಚುಕ್ಕೆಗಳಾಗಿ, ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲವಾಗಿ, ಮತ್ತು ಪೊರೆಯಿಂದ ಕೆಳಗೆ ಬೇರಿಳಿಸಿದ ಗಟ್ಟಿ ಗಂಟುಗಳಾಗಿ. 5 ಮಿ.ಮೀ.ಗಿಂತ ಆಳಕ್ಕೆ ಇಳಿದದ್ದನ್ನು ಆಳದ ಎಂಡೊಮೆಟ್ರಿಯೋಸಿಸ್ ಎಂದು ಕರೆಯುವುದು ರೂಢಿ. ಗರ್ಭಕೋಶವನ್ನು ಹಿಂದಿನಿಂದ ಬೆನ್ನೆಲುಬಿನ ಬುಡಕ್ಕೆ ಬಿಗಿದು ಹಿಡಿಯುವ ಎರಡು ಕಟ್ಟುಗಳು, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ತಗ್ಗು, ಗುದನಾಳದ ಮುಂಭಾಗದ ಗೋಡೆ, ಮೂತ್ರಕೋಶ, ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳ, ಇವು ಅದು ಹೆಚ್ಚಾಗಿ ಕೂರುವ ಜಾಗಗಳು. ನಿಮ್ಮ ತಂಗಿಗೆ ಮುಟ್ಟಿನ ದಿನಗಳಲ್ಲಷ್ಟೇ ಮಲವಿಸರ್ಜನೆಯ ನೋವು ಬರುತ್ತದೆ ಎಂದರೆ ಹಿಂಭಾಗದ ಈ ಜಾಗಗಳ ಮೇಲೆ ಅನುಮಾನ ಬರಲೇಬೇಕು. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್‌ಗೆ ಅಷ್ಟು ಒಳಗಿನ ಗಂಟು ಸಾಮಾನ್ಯವಾಗಿ ಸಿಗುವುದಿಲ್ಲ. ಆ ವರದಿ ಸುಳ್ಳಲ್ಲ. ಅದರ ಕೈ ಅಲ್ಲಿಯವರೆಗೆ ಚಾಚುವುದಿಲ್ಲ.

ಎಂಆರ್‌ಐನಲ್ಲಿ ನಾವು ನೋಡುವ ಬಗೆಯನ್ನು ಹೇಳಿದರೆ ನಿಮಗೆ ಪೂರ್ವಸಿದ್ಧತೆಯ ಅರ್ಥವೂ ಆಗುತ್ತದೆ. ಒಂದೇ ಜಾಗವನ್ನು ಎರಡು ಮೂರು ರೀತಿಯ ಚಿತ್ರಗಳಲ್ಲಿ ನೋಡುತ್ತೇವೆ. ಟಿ1 ಎಂಬ ಚಿತ್ರದಲ್ಲಿ ಹಳೆಯ ರಕ್ತ ಬೆಳ್ಳಗೆ ಹೊಳೆಯುತ್ತದೆ. ಕೊಬ್ಬು ಕೂಡ ಅಲ್ಲಿ ಬೆಳ್ಳಗೇ ಕಾಣುವುದರಿಂದ, ಕೊಬ್ಬಿನ ಹೊಳಪನ್ನು ಆರಿಸಿ ಮತ್ತೊಮ್ಮೆ ಚಿತ್ರ ತೆಗೆಯುತ್ತೇವೆ. ಆಗಲೂ ಹೊಳಪು ಉಳಿದರೆ ಅದು ರಕ್ತ, ಕಪ್ಪಾದರೆ ಕೊಬ್ಬು ತುಂಬಿದ ಡರ್ಮಾಯ್ಡ್ ಸಿಸ್ಟ್. ಅದೇ ಚಾಕೊಲೇಟ್ ಸಿಸ್ಟ್ ಟಿ2 ಎಂಬ ಚಿತ್ರದಲ್ಲಿ ಮಬ್ಬಾಗುತ್ತದೆ, ಏಕೆಂದರೆ ತಿಂಗಳಿಂದ ತಿಂಗಳಿಗೆ ಸೋರಿದ ರಕ್ತ ಅಲ್ಲಿ ಮಂದವಾಗಿ ಕಟ್ಟಿಕೊಂಡಿರುತ್ತದೆ. ಸಿಸ್ಟ್ ಗುರುತಿಸುವುದು ಹೀಗೆ ಸುಲಭ. ಕಷ್ಟವಿರುವುದು ಆಳದ ಗಂಟಿನಲ್ಲಿ. ಅದರಲ್ಲಿ ರಕ್ತಕ್ಕಿಂತ ನಾರಿನ ಅಂಶವೇ ಹೆಚ್ಚು, ಟಿ2 ಚಿತ್ರದಲ್ಲಿ ಅದು ಕಪ್ಪು. ಪಕ್ಕದ ಕರುಳಿನ ಸ್ನಾಯುಪದರವೂ ಕಪ್ಪು. ಕಪ್ಪಿನ ಪಕ್ಕದಲ್ಲಿ ಕಪ್ಪನ್ನು ಹುಡುಕಬೇಕಾದಾಗ ಕರುಳು ಸ್ವಲ್ಪ ಅಲುಗಾಡಿದರೂ ಚಿತ್ರ ಕದಡಿ ಗಂಟು ಮಾಯವಾಗುತ್ತದೆ.

ಆದ್ದರಿಂದಲೇ ನಾಲ್ಕರಿಂದ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಚಿತ್ರ ತೆಗೆಯುವ ಮುನ್ನ ಕರುಳಿನ ಚಲನೆಯನ್ನು ಸ್ವಲ್ಪ ಹೊತ್ತು ತಡೆಯುವ ಬುಸ್ಕೋಪಾನ್‌ನಂಥ ಇಂಜೆಕ್ಷನ್ ಕೊಡಬೇಕು, ಕೆಲವು ಕೇಂದ್ರಗಳಲ್ಲಿ ಎನಿಮಾ ಕೂಡ ಕೊಡುತ್ತಾರೆ. ಕಣ್ಣಿನ ಗ್ಲಾಕೋಮಾ ಅಥವಾ ಹೃದಯ ಬಡಿತದ ತೊಂದರೆ ಇದ್ದರೆ ಇಂಜೆಕ್ಷನ್‌ಗೆ ಮೊದಲೇ ತಿಳಿಸಿ. ಅದಾದ ಮೇಲೆ ಸ್ವಲ್ಪ ಹೊತ್ತು ದೃಷ್ಟಿ ಮಂಜಾಗಬಹುದು, ಅವಳು ತಾನೇ ಸ್ಕೂಟರ್ ಓಡಿಸಿಕೊಂಡು ಬರುವುದು ಬೇಡ. ಮೂತ್ರಕೋಶ ಪೂರ್ತಿ ತುಂಬಿಯೂ ಇರಬಾರದು, ಪೂರ್ತಿ ಖಾಲಿಯೂ ಇರಬಾರದು. ಸುಮಾರು ಒಂದು ಗಂಟೆ ಮೊದಲು ಮೂತ್ರ ಮಾಡಿ ಬಂದರೆ ಸರಿಹೋಗುತ್ತದೆ. ಈ ಸಿದ್ಧತೆ ಯಾವುದೂ ಇಲ್ಲದೆ ಕೇವಲ "ಪೆಲ್ವಿಸ್ ಎಂಆರ್‌ಐ" ಎಂದು ಚೀಟಿ ಬರೆಸಿಕೊಂಡು ಹೋದವರ ಚಿತ್ರಗಳು ನನ್ನ ಮುಂದೆ ಬಂದಾಗ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಅವರು ಪೂರ್ತಿ ಹಣ ಕೊಟ್ಟಿರುತ್ತಾರೆ, ಅರ್ಧ ಉತ್ತರ ಪಡೆದಿರುತ್ತಾರೆ. ಚೀಟಿಯಲ್ಲಿ ಎಂಡೊಮೆಟ್ರಿಯೋಸಿಸ್ ಎಂಬ ಪದ ಇರಲಿ, ಮುಟ್ಟಿನ ಸಮಯದ ಮಲವಿಸರ್ಜನೆಯ ನೋವಿನ ವಿಚಾರವೂ ಇರಲಿ.

ಮುಟ್ಟಿನ ದಿನಕ್ಕೆ ಕಾಯಬೇಕಿಲ್ಲ, ಯಾವ ದಿನವಾದರೂ ಮಾಡಬಹುದು. ರಕ್ತನಾಳಕ್ಕೆ ಔಷಧಿ ಎಲ್ಲರಿಗೂ ಬೇಕಿಲ್ಲ. ಸಿಸ್ಟ್ ಒಳಗೆ ಗಟ್ಟಿ ಭಾಗವೇನಾದರೂ ಕಂಡು ಬೇರೆ ಅನುಮಾನ ಬಂದರೆ ಕೊಡುತ್ತೇವೆ. ಯೋನಿಯೊಳಗೆ ಅಥವಾ ಗುದನಾಳಕ್ಕೆ ಜೆಲ್ ತುಂಬಿಸಿ ಚಿತ್ರ ತೆಗೆಯುವ ಪದ್ಧತಿಯೂ ಇದೆ, ಅದು ಕಡ್ಡಾಯವಲ್ಲ, ಅವಳು ಬೇಡವೆಂದರೆ ಬೇಡ.

ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪಳಗಿದವರ ಕೈಯಲ್ಲಿ ಗುದನಾಳದ ಗಂಟನ್ನು ಹಿಡಿಯುವುದರಲ್ಲಿ ಅದು ಎಂಆರ್‌ಐಗೆ ಸಮನಾಗಿ ನಿಲ್ಲುತ್ತದೆ, ಮತ್ತು ಎಂಆರ್‌ಐ ತೋರಿಸಲಾರದ ಒಂದನ್ನು ತೋರಿಸುತ್ತದೆ: ಚಲನೆ. ಗರ್ಭಕೋಶವನ್ನು ಮೆಲ್ಲಗೆ ಒತ್ತಿದಾಗ ಅದರ ಹಿಂದಿರುವ ಕರುಳು, ಚೆನ್ನಾಗಿ ಪಳಗಿದ ಕಾವಲಿಯ ಮೇಲೆ ದೋಸೆ ಜಾರುವಂತೆ ಸಲೀಸಾಗಿ ಜಾರಬೇಕು. ಜಾರದೆ, ಕಾವಲಿ ಹಿಡಿದ ದೋಸೆಯಂತೆ ಎರಡೂ ಒಟ್ಟಿಗೇ ಎಳೆದುಕೊಂಡು ಬಂದರೆ ಹಿಂದಿನ ತಗ್ಗು ಮುಚ್ಚಿಹೋಗಿದೆ ಎಂದು ತಿಳಿಯುತ್ತೇವೆ. ಶಸ್ತ್ರಚಿಕಿತ್ಸಕರಿಗೆ ಇದಕ್ಕಿಂತ ದೊಡ್ಡ ಮುನ್ಸೂಚನೆ ಇಲ್ಲ. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಒಂದು ಗುಂಪು ಈ ಸ್ಕ್ಯಾನಿಂಗ್ ಅನ್ನು ನಾಲ್ಕು ಹಂತಗಳಲ್ಲಿ ಮಾಡಬೇಕೆಂದು ಒಮ್ಮತಕ್ಕೆ ಬಂದಾಗ, ಈ ಜಾರುವಿಕೆಯ ಪರೀಕ್ಷೆಯನ್ನು ಒಂದು ಹಂತವಾಗಿಯೇ ಇಟ್ಟಿತು. ಮದುವೆಯಾಗದ ಹೆಣ್ಣುಮಕ್ಕಳಲ್ಲಿ ನಮ್ಮ ಕಡೆ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಅವಳು ಒಪ್ಪಿದರೆ ಗುದದ್ವಾರದ ಮೂಲಕ ಅದೇ ಸ್ಕ್ಯಾನಿಂಗ್ ಮಾಡಿ ಬಹಳಷ್ಟು ತಿಳಿಯಬಹುದು. ಅವಳಿಗೆ 27 ವರ್ಷ. ಒಪ್ಪಿಗೆ ಅವಳದೊಂದೇ, ಮನೆಯವರದಲ್ಲ, ಡಾಕ್ಟರರದೂ ಅಲ್ಲ. ಎರಡೂ ಬೇಡವೆಂದರೆ ಸಿದ್ಧತೆ ಮಾಡಿ ತೆಗೆದ ಎಂಆರ್‌ಐ ಅವಳಿಗೆ ಇನ್ನೂ ಹೆಚ್ಚು ಮುಖ್ಯವಾಗುತ್ತದೆ.

ಕೊನೆಯ ಪ್ರಶ್ನೆ. ಚಿತ್ರದಲ್ಲಿ ಏನೂ ಕಾಣದಿದ್ದರೆ ಆಳದ ಗಂಟು ಮತ್ತು ಸಿಸ್ಟ್ ಇರುವ ಸಾಧ್ಯತೆ ಕಡಿಮೆ ಎನ್ನಬಹುದು, ಕಾಯಿಲೆಯೇ ಇಲ್ಲ ಎನ್ನಲಾಗದು. ಪೊರೆಯ ಮೇಲಿನ ಒಂದೆರಡು ಮಿ.ಮೀ. ಚುಕ್ಕೆಗಳು ಯಾವ ಯಂತ್ರಕ್ಕೂ ಸರಿಯಾಗಿ ಸಿಗುವುದಿಲ್ಲ. ಚಿತ್ರ ಚೆನ್ನಾಗಿದೆ ಎಂಬ ಕಾರಣಕ್ಕೆ ಅವಳ ನೋವನ್ನು ಯಾರೂ ಅನುಮಾನಿಸದಂತೆ ನೋಡಿಕೊಳ್ಳಿ.

ಶ್ರೀರಂಗಪಟ್ಟಣದ ಗೃಹಿಣಿ

ಅಕ್ಕ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರಲಾಗಲಿಲ್ಲ. "ಸಿಸ್ಟ್ ತೆಗೆಯೋಣ, ಬೇರೇನಾದರೂ ಇದ್ದರೆ ಆಗ ನೋಡೋಣ" ಎಂಬ ಇದೇ ಮಾತನ್ನು ನಾನು 2016ರಲ್ಲಿ ಕೇಳಿದ್ದೆ. ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಉದ್ದೇಶವಲ್ಲ. ಆಗ ನನಗಿದ್ದದ್ದು ಒಂದು ಹಾಳೆಯ ಸ್ಕ್ಯಾನಿಂಗ್ ವರದಿ, ಬಲಗಡೆ 6 ಸೆಂ.ಮೀ. ಸಿಸ್ಟ್. ಆಪರೇಷನ್ ಆಯಿತು, ಮೂರನೆಯ ದಿನ ಮನೆಗೆ ಬಂದೆ. ಡಿಸ್ಚಾರ್ಜ್ ಹಾಳೆಯ ಕೆಳಗಡೆ, ಸಹಿಯ ಮೇಲೆ, ಒಂದು ಸಾಲು ಇತ್ತು: ಕರುಳು ಗರ್ಭಕೋಶದ ಹಿಂಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿದೆ, ಹಾಗೆಯೇ ಬಿಡಲಾಗಿದೆ. ಆ ಸಾಲಿನ ಅರ್ಥ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ತಿಂಗಳಿಗೆ ನೋವು ಮೊದಲಿನಂತೆಯೇ ಮರಳಿತು.

ಆಮೇಲೆ ನನಗೆ ಅರ್ಥವಾದದ್ದು ಇಷ್ಟು. ಆ ದಿನ ಹೊಟ್ಟೆಯೊಳಗೆ ನೋಡಿದ ಡಾಕ್ಟರು ಅದನ್ನು ಮುಟ್ಟದೆ ಬಿಟ್ಟದ್ದು ತಪ್ಪಲ್ಲ. ಕರುಳಿನ ಸರ್ಜನ್ ಆಸ್ಪತ್ರೆಯಲ್ಲಿ ಇರಲಿಲ್ಲ, ನನ್ನ ಕರುಳು ಖಾಲಿ ಮಾಡಿಸಿರಲಿಲ್ಲ, ಕರುಳನ್ನು ಮುಟ್ಟಲು ನನ್ನ ಒಪ್ಪಿಗೆಯೂ ಸಹಿಯಾಗಿರಲಿಲ್ಲ. ಅಂಥ ಸ್ಥಿತಿಯಲ್ಲಿ ಕತ್ತರಿ ಹಾಕಿದ್ದರೆ ಅಪಾಯವಾಗುತ್ತಿತ್ತು. ತಪ್ಪು ನಡೆದದ್ದು ಅದಕ್ಕೂ ಹಿಂದೆ, ಒಳಗೆ ಏನಿದೆ ಎಂದು ತಿಳಿಯದೆ ನನ್ನನ್ನು ಟೇಬಲ್ ಮೇಲೆ ಮಲಗಿಸಿದ್ದರಲ್ಲಿ. ಒಂದು ಆಪರೇಷನ್‌ನ ನೋವು, ಖರ್ಚು, ಅರಿವಳಿಕೆ, ಅಂಡಾಶಯದ ಮೇಲಿನ ಗಾಯ, ಎಲ್ಲವನ್ನೂ ಅನುಭವಿಸಿ ಕಾಯಿಲೆಯ ಮುಖ್ಯ ಭಾಗವನ್ನು ಹೊಟ್ಟೆಯಲ್ಲೇ ಉಳಿಸಿಕೊಂಡು ಬಂದಿದ್ದೆ.

2021ರಲ್ಲಿ ಮೈಸೂರಿನಲ್ಲಿ ಬೇರೆ ಡಾಕ್ಟರರಿಗೆ ತೋರಿಸಿದಾಗ ಎಂಆರ್‌ಐ ಆಯಿತು. ಎನಿಮಾ, ಇಂಜೆಕ್ಷನ್, ಹೊಟ್ಟೆಯ ಮೇಲೆ ಬಿಗಿಯುವ ಪಟ್ಟಿ, ಕಿವಿಗೆ ಹತ್ತಿ, ಮುಕ್ಕಾಲು ಗಂಟೆ ಅಲುಗಾಡದೆ ಮಲಗಿರುವುದು. ಯಂತ್ರದ ಶಬ್ದ ಜೋರಾಗಿರುತ್ತದೆ, ನೋವೇನೂ ಆಗುವುದಿಲ್ಲ ಎಂದು ತಂಗಿಗೆ ಹೇಳಿ. ವರದಿ ಬಂದಾಗ ಕರುಳಿನ ಗಂಟಿಗಿಂತ ನನ್ನ ಎದೆ ಒಡೆದದ್ದು ಇನ್ನೊಂದು ಸಾಲಿಗೆ. ಬಲಗಡೆಯ ಮೂತ್ರನಾಳವನ್ನು ಗಂಟು ಹೊರಗಿನಿಂದ ಹಿಸುಕಿತ್ತು, ಮೇಲೆ ಕಿಡ್ನಿ ಊದಿಕೊಂಡಿತ್ತು. ನನಗೆ ಸೊಂಟದ ಕಡೆ ಒಂದು ದಿನವೂ ನೋವು ಬಂದಿರಲಿಲ್ಲ, ಮೂತ್ರ ಎಂದಿನಂತೆಯೇ ಹೋಗುತ್ತಿತ್ತು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಲು ಡಿಟಿಪಿಎ ಸ್ಕ್ಯಾನ್ ಮಾಡಿದರು. ಎಡಗಡೆಯದಕ್ಕಿಂತ ಬಹಳ ಕಡಿಮೆ ಇತ್ತು, ಆದರೆ ಉಳಿಸಬಹುದಿತ್ತು. ಎರಡನೆಯ ಆಪರೇಷನ್‌ನಲ್ಲಿ ಸ್ತ್ರೀರೋಗ, ಕರುಳು, ಮೂತ್ರಾಂಗ, ಮೂವರು ಸರ್ಜನ್‌ಗಳೂ ಇದ್ದರು, ಯಾರು ಯಾವಾಗ ಒಳಗೆ ಬರಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು. ಈಗ ನಾಲ್ಕು ವರ್ಷಕ್ಕೂ ಮೇಲಾಯಿತು. ಮುಟ್ಟಿನ ದಿನವೂ ಬೆಳಗ್ಗೆ ಎದ್ದು ರಾಗಿ ಮುದ್ದೆ ಕಟ್ಟುತ್ತೇನೆ.

ಎರಡು ಮಾತು ಕೇಳಿಸಿಕೊಳ್ಳಿ ಅಕ್ಕ. ಹೊಟ್ಟೆ ಸ್ಕ್ಯಾನ್ ಮಾಡುವಾಗ ಎರಡೂ ಕಿಡ್ನಿಗಳನ್ನು ನೋಡಿ ವರದಿಯಲ್ಲಿ ಬರೆಯಿರಿ ಎಂದು ಬಾಯಿಬಿಟ್ಟು ಕೇಳಿ. ಮತ್ತೆ ಫಿಲ್ಮ್ ಹಾಳೆ ಮಾತ್ರ ತರಬೇಡಿ, ಎಲ್ಲ ಚಿತ್ರಗಳೂ ಇರುವ ಸಿಡಿಯನ್ನು ಕೇಳಿ ಪಡೆಯಿರಿ. ನನ್ನ ಎರಡನೆಯ ಸರ್ಜನ್ ಫಿಲ್ಮ್ ಅನ್ನು ಪಕ್ಕಕ್ಕಿಟ್ಟು ಸಿಡಿಯನ್ನೇ ಕಂಪ್ಯೂಟರಿಗೆ ಹಾಕಿ ನೋಡಿದರು.

ಕೆ.ಆರ್. ಪೇಟೆಯಿಂದ

ಮಧ್ಯದಲ್ಲಿ ಒಂದು ಪ್ರಶ್ನೆ ಕೇಳುವುದಕ್ಕೆ ಕ್ಷಮೆ ಇರಲಿ. ನನ್ನ ಹೆಂಡತಿಗೂ ಇದೇ ತೊಂದರೆ. ಮುಟ್ಟಿನ ದಿನಗಳಲ್ಲಿ ಮಲದ ಜೊತೆ ತೊಂದರೆ ಆಗುತ್ತದೆಂದು ಕೊಲೊನೋಸ್ಕೋಪಿ ಮಾಡಿಸಿದೆವು, ಕರುಳು ಪೂರ್ತಿ ಸಹಜ ಎಂದು ಬಂತು. ಹಾಗಾದರೆ ಕರುಳಿಗೆ ಕಾಯಿಲೆ ಇಲ್ಲ ಎಂದು ತಿಳಿದು ಆಪರೇಷನ್‌ಗೆ ಹೋಗಬಹುದಲ್ಲವೇ?

ಲ್ಯಾಪರೊಸ್ಕೋಪಿ ಮಾಡುವ ಸ್ತ್ರೀರೋಗ ತಜ್ಞೆ, ಮೈಸೂರು

ಸರ್, ಹಾಗೆ ತಿಳಿಯಬಾರದು. ಕೊಲೊನೋಸ್ಕೋಪಿ ಕರುಳನ್ನು ಒಳಗಿನಿಂದ ನೋಡುತ್ತದೆ, ಈ ಕಾಯಿಲೆ ಕರುಳನ್ನು ಹೊರಗಿನಿಂದ ಕೊರೆಯುತ್ತದೆ. ಸ್ನಾಯುಪದರದಲ್ಲಿ ಎರಡು ಮೂರು ಸೆಂ.ಮೀ. ಗಂಟು ಕುಳಿತಿದ್ದರೂ ಒಳಗಿನ ಲೋಳೆಪೊರೆ ಬಹುಮಟ್ಟಿಗೆ ನಯವಾಗಿಯೇ ಇರುತ್ತದೆ. ಗೋಡೆಯ ಹೊರಗೆ ಬೇರುಬಿಟ್ಟ ಅರಳಿಗಿಡ ಮನೆಯೊಳಗಿನ ಸುಣ್ಣದ ಮೇಲೆ ಕಾಣುವುದಿಲ್ಲವಲ್ಲ, ಹಾಗೆ. ಮಲದಲ್ಲಿ ರಕ್ತ ಹೋಗುತ್ತಿದ್ದರೆ ಬೇರೆ ಕಾರಣ ಇಲ್ಲವೆಂದು ತಿಳಿಯಲು ಆ ಪರೀಕ್ಷೆ ಬೇಕಾದದ್ದೇ. ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ಹೇಳಲು ಅದು ಸಾಲದು. ನಿಮ್ಮವರಿಗೂ ಎಂಆರ್‌ಐ ಅಥವಾ ಪಳಗಿದವರಿಂದ ಯೋನಿಯ ಮೂಲಕ ಸ್ಕ್ಯಾನಿಂಗ್ ಆಗಬೇಕು.

ಮಂಡ್ಯದ ಮೇಡಂ ಅವರಿಗೆ, ರೇಡಿಯಾಲಜಿಸ್ಟ್ ಹೇಳಿದ ಮೇಲೆ ನಾನು ಹೇಳಬೇಕಾದದ್ದು ಆ ಚಿತ್ರವನ್ನಿಟ್ಟುಕೊಂಡು ನಾವು ಏನು ಮಾಡುತ್ತೇವೆ ಎಂಬುದು. ಕಾಯಿಲೆ ಇದೆಯೇ ಇಲ್ಲವೇ ಎಂದು ತಿಳಿಯುವುದಕ್ಕೇ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಬೇಕಾಗಿದ್ದ ಕಾಲವೊಂದಿತ್ತು, ನಾವೆಲ್ಲ ಕಲಿತದ್ದೂ ಹಾಗೆಯೇ. ಸಂತಾನೋತ್ಪತ್ತಿ ವೈದ್ಯರ ಯುರೋಪಿನ ಸಂಸ್ಥೆಯಾದ ಈಶ್ರೆ 2022ರ ಮಾರ್ಗಸೂಚಿಯಲ್ಲಿ ರೋಗನಿರ್ಣಯಕ್ಕೆ ಲ್ಯಾಪರೊಸ್ಕೋಪಿಯೇ ಅಂತಿಮ ಅಳತೆಗೋಲು ಎಂಬ ಮಾತನ್ನು ಕೈಬಿಟ್ಟಿತು. ಚಿತ್ರದಲ್ಲಿ ಏನೂ ಕಾಣದೆ, ಮಾತ್ರೆಗೂ ಗುಣ ಕಾಣದೆ ಇದ್ದಾಗ, ಅಥವಾ ಮಾತ್ರೆ ಕೊಡುವುದು ಸೂಕ್ತವಲ್ಲದಾಗ ಮಾತ್ರ ಆ ದಾರಿ ಎಂದಿತು. ಇಳಿಯುವ ಮೊದಲೇ ಒಳಗಿನ ನಕ್ಷೆ ಕೈಯಲ್ಲಿರಬೇಕು ಎಂಬುದು ಇಂದಿನ ನಿಲುವು, ನನ್ನ ನಿಲುವೂ ಅದೇ.

ಗುದನಾಳದ ಗಂಟನ್ನೇ ತೆಗೆದುಕೊಳ್ಳಿ. ಅದು ಕರುಳಿನ ಹೊರಮೈಗೆ ಅಂಟಿದೆಯೋ, ಸ್ನಾಯುಪದರದೊಳಕ್ಕೆ ಹೋಗಿದೆಯೋ, ಎಷ್ಟು ಉದ್ದ, ಕರುಳಿನ ಸುತ್ತಳತೆಯಲ್ಲಿ ಎಷ್ಟು ಭಾಗವನ್ನು ಹಿಡಿದಿದೆ, ಒಂದೇ ಇದೆಯೋ ಮೇಲೆ ಇನ್ನೊಂದಿದೆಯೋ, ಗುದದ್ವಾರದಿಂದ ಎಷ್ಟು ಸೆಂ.ಮೀ. ಮೇಲಿದೆ, ಇಷ್ಟೂ ನನಗೆ ಬೇಕು. ಹೊರಮೈಯಲ್ಲೇ ಇದ್ದರೆ ಸವತೆಕಾಯಿ ಸಿಪ್ಪೆ ಹೆರೆದಂತೆ ಹೆರೆದು ತೆಗೆಯುತ್ತೇವೆ, ಕರುಳು ತೆರೆಯುವುದಿಲ್ಲ. ಸ್ನಾಯುವಿನೊಳಗೆ ಇಳಿದ, ಸುಮಾರು 3 ಸೆಂ.ಮೀ. ಒಳಗಿನ ಒಂದೇ ಗಂಟಾದರೆ ಆ ಭಾಗವನ್ನಷ್ಟೇ ಬಿಲ್ಲೆಯಂತೆ ಕತ್ತರಿಸಿ ಸ್ಟೇಪ್ಲರ್‌ನಿಂದ ಮುಚ್ಚಬಹುದು. ಅದಕ್ಕಿಂತ ದೊಡ್ಡದು, ಅಥವಾ ಹಲವು ಗಂಟು, ಅಥವಾ ಕರುಳನ್ನು ಕಿರಿದು ಮಾಡಿದ ಗಂಟಾದರೆ ಆ ತುಂಡನ್ನೇ ತೆಗೆದು ಎರಡು ತುದಿಗಳನ್ನು ಜೋಡಿಸಬೇಕಾಗುತ್ತದೆ. ಜೋಡಣೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಸೋರುವ ಅಪಾಯ ಹೆಚ್ಚು, ಆಗ ಕೆಲವು ವಾರ ಹೊಟ್ಟೆಯ ಮೇಲೆ ಮಲಚೀಲ ಇಡಬೇಕಾಗಬಹುದು. ಒಬ್ಬ ಹೆಣ್ಣುಮಗಳು ಅರಿವಳಿಕೆಯಿಂದ ಎದ್ದು ಹೊಟ್ಟೆಯ ಮೇಲೆ ಚೀಲ ನೋಡಿ ಆಗ ಈ ವಿಷಯ ತಿಳಿಯುವುದು ನನ್ನ ಮಟ್ಟಿಗೆ ಒಪ್ಪತಕ್ಕ ಮಾತಲ್ಲ. ಚಿತ್ರ ಇದ್ದರೆ ಒಂದು ವಾರ ಮೊದಲೇ ಕೂರಿಸಿ ಹೇಳಬಹುದು, ಅವಳು ಯೋಚಿಸಿ ಬೇಕು ಬೇಡ ಎನ್ನಬಹುದು.

ಗುದದ್ವಾರದಿಂದ ಇರುವ ದೂರದ ವಿಚಾರದಲ್ಲಿ ಒಂದು ಎಚ್ಚರಿಕೆ. ಚಿತ್ರದಲ್ಲಿ ಅಳೆದ ದೂರವೂ ಟೇಬಲ್ ಮೇಲೆ ನಮಗೆ ಸಿಗುವ ದೂರವೂ ಒಂದೇ ಆಗಿರುವುದಿಲ್ಲ, ಏಕೆಂದರೆ ಅಂಟಿಕೊಂಡು ಬಾಗಿದ ಕರುಳನ್ನು ಬಿಡಿಸಿದಾಗ ಅದು ನೆಟ್ಟಗಾಗುತ್ತದೆ. ಅದಕ್ಕೆ ನಾನು ವರದಿಯ ಅಂಕಿಯನ್ನು ಓದಿ ಸುಮ್ಮನಾಗುವುದಿಲ್ಲ, ರೇಡಿಯಾಲಜಿಸ್ಟ್ ಪಕ್ಕದಲ್ಲಿ ಕೂತು ಚಿತ್ರವನ್ನೇ ನೋಡುತ್ತೇನೆ, ಕರುಳಿನ ಸರ್ಜನ್ ಕೂಡ ಬರುತ್ತಾರೆ. ವರದಿ ಎಲ್ಲರಿಗೂ ಒಂದೇ ಭಾಷೆಯಲ್ಲಿ ಇರಲೆಂದು ಎನ್ಜಿಯನ್ ಎಂಬ ವರ್ಗೀಕರಣ ಇದೆ, ಅದರ ವಿಸ್ತರಿಸಿದ ರೂಪ 2021ರಲ್ಲಿ ಬಂತು. ಅದರಲ್ಲಿ ಜಾಗಕ್ಕೊಂದು ಅಕ್ಷರ, ಗಾತ್ರಕ್ಕೊಂದು ಅಂಕಿ. ಗುದನಾಳಕ್ಕೆ ಸಿ, ಅಲ್ಲಿ 1 ಸೆಂ.ಮೀ.ಗಿಂತ ಚಿಕ್ಕದಕ್ಕೆ 1, ಒಂದರಿಂದ ಮೂರರವರೆಗೆ 2, ಅದಕ್ಕೂ ದೊಡ್ಡದಕ್ಕೆ 3. ಹಳೆಯ ಒಂದರಿಂದ ನಾಲ್ಕರ ಹಂತಗಳ ಲೆಕ್ಕ ಕರುಳು, ಮೂತ್ರನಾಳಗಳ ಆಳದ ಗಂಟುಗಳನ್ನು ಸರಿಯಾಗಿ ಹೇಳುವುದಿಲ್ಲ, ಅದು ಆಪರೇಷನ್ ಯೋಜನೆಗೆ ನನಗೆ ಹೆಚ್ಚು ಉಪಯೋಗಕ್ಕೆ ಬಂದಿಲ್ಲ.

ಮೂತ್ರನಾಳದ ಬಗ್ಗೆ ಶ್ರೀರಂಗಪಟ್ಟಣದ ತಂಗಿ ಬರೆದದ್ದನ್ನು ಎರಡು ಸಲ ಓದಿ. ಗರ್ಭಕೋಶದ ಹಿಂದಿನ ಕಟ್ಟುಗಳ ಪಕ್ಕದಲ್ಲೇ ಮೂತ್ರನಾಳ ಹಾಯುತ್ತದೆ, ಅಲ್ಲಿನ ಗಂಟು ದೊಡ್ಡದಾದಂತೆ ಅದನ್ನು ಒಳಗೆಳೆದುಕೊಳ್ಳುತ್ತದೆ, ನೋವೇ ಇಲ್ಲದೆ ಕಿಡ್ನಿ ಹಾಳಾಗಬಹುದು. ಮುಂಚೆಯೇ ತಿಳಿದಿದ್ದರೆ ಯೂರಾಲಜಿಸ್ಟ್ (ಮೂತ್ರಾಂಗದ ಸರ್ಜನ್) ಮೂತ್ರನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಸಿದ್ಧವಾಗಿರುತ್ತಾರೆ. ಇನ್ನೊಂದು: ಮುಟ್ಟಿನ ದಿನಗಳಲ್ಲಿ ಬಲ ಭುಜದಲ್ಲಿ ನೋವು ಬರುತ್ತದೆಯೇ ಎಂದು ತಂಗಿಯನ್ನು ಕೇಳಿ. ಬಂದರೆ ವಪೆಯನ್ನೂ, ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರವನ್ನೂ, ಚಿತ್ರದಲ್ಲಿ ನೋಡಬೇಕು. ಕೇವಲ ಕೆಳಹೊಟ್ಟೆಯ ಎಂಆರ್‌ಐ ಅಲ್ಲಿಗೆ ತಲುಪುವುದಿಲ್ಲ.

ಆಪರೇಷನ್‌ಗೆ ಮೊದಲು ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂದು ಅಂದಾಜಿಸುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ. ಸಿಸ್ಟ್‌ನ ಗೋಡೆ ಸುಲಿಯುವಾಗ ಒಳ್ಳೆಯ ಅಂಡಾಶಯದ ಅಂಶವೂ ಸ್ವಲ್ಪ ಹೋಗುತ್ತದೆ, ಎರಡೂ ಕಡೆ ಸಿಸ್ಟ್ ಇದ್ದರೆ ಇದು ಚಿಕ್ಕ ಮಾತಲ್ಲ. ಮದುವೆ, ಮಗುವಿನ ವಿಚಾರ ಅವಳ ಮನಸ್ಸಿನಲ್ಲಿದ್ದರೆ ಅಂಡಾಣು ಶೇಖರಣೆಯ ಮಾತನ್ನೂ ಮುಂಚೆಯೇ ಆಡಿ ಮುಗಿಸಬೇಕು.

ಮಂಡ್ಯದ ಉಪನ್ಯಾಸಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಕಿಡ್ನಿಯ ಭಾಗ ಬಂದಾಗ ಅವರು ಇನ್ನೊಮ್ಮೆ ಓದು ಎಂದರು, ಆಮೇಲೆ ತಾವೇ ಎದ್ದು ತಂಗಿಗೆ ಫೋನ್ ಮಾಡಿ ಯಾವಾಗ ಹೋಗೋಣ ಎಂದು ಕೇಳಿದರು. ಕಳೆದ ವಾರ ಬೆಳಗಿನ ರೈಲಿಗೆ ನಾನೂ ಅವರೂ ಮೈಸೂರಿಗೆ ಹೋಗಿ ಜೊತೆಗಿದ್ದೆವು. ಸಿದ್ಧತೆ ಎಲ್ಲವೂ ಇಲ್ಲಿ ಹೇಳಿದಂತೆಯೇ ನಡೆಯಿತು. ಜೆಲ್ ಬೇಡ ಎಂದು ತಂಗಿ ಹೇಳಿದಳು, ಯಾರೂ ಒತ್ತಾಯ ಮಾಡಲಿಲ್ಲ.

ವರದಿಯ ಸಾರಾಂಶ ಬರೆಯುತ್ತೇನೆ. ಎಡ ಅಂಡಾಶಯದಲ್ಲಿ 5.4 ಸೆಂ.ಮೀ. ಸಿಸ್ಟ್, ಬಲದಲ್ಲಿ 1.8 ಸೆಂ.ಮೀ. ಇನ್ನೊಂದು. ಎರಡೂ ಅಂಡಾಶಯಗಳು ಗರ್ಭಕೋಶದ ಹಿಂದೆ ನಡುವಿಗೆ ಬಂದು ಒಂದಕ್ಕೊಂದು ತಾಗಿಕೊಂಡಿವೆ. ಗರ್ಭಕಂಠದ ಹಿಂದೆ 1.6 ಸೆಂ.ಮೀ. ನಾರುಗಂಟು. ಗುದನಾಳದ ಮುಂಭಾಗದ ಗೋಡೆಯಲ್ಲಿ 2.2 ಸೆಂ.ಮೀ. ಉದ್ದದ ಗಂಟು, ಸ್ನಾಯುಪದರದವರೆಗೆ, ಲೋಳೆಪೊರೆ ಸಹಜ, ಗುದದ್ವಾರದಿಂದ 11 ಸೆಂ.ಮೀ. ಮೇಲೆ. ಮೂತ್ರನಾಳಗಳು ಅಗಲವಾಗಿಲ್ಲ, ಎರಡೂ ಕಿಡ್ನಿ ಸಹಜ. ಭುಜದ ನೋವು ಇಲ್ಲ ಎಂದು ತಂಗಿ ಹೇಳಿದ್ದಾಳೆ. ಸಿಡಿ ನಮ್ಮ ಕೈಯಲ್ಲಿದೆ.

ನಮಗೆ ಎರಡು ಅನುಮಾನಗಳು ಉಳಿದಿವೆ. ಎರಡು ತಿಂಗಳಲ್ಲಿ ಸಿಸ್ಟ್ 5.2ರಿಂದ 5.4 ಆಗಿದೆ ಎಂದರೆ ಬೇಗ ಬೆಳೆಯುತ್ತಿದೆಯೇ? ಮೂವರು ಸರ್ಜನ್‌ಗಳ ಸಮಯ ಹೊಂದಿಸಿ, ಬ್ಯಾಂಕಿನಲ್ಲಿ ರಜೆ ಸಿಗುವಷ್ಟರಲ್ಲಿ ನಾಲ್ಕೈದು ತಿಂಗಳಾಗಬಹುದು. ಆಗ ಮತ್ತೆ ಎಂಆರ್‌ಐ ಮಾಡಿಸಬೇಕಾಗುತ್ತದೆಯೇ?

ಮೈಸೂರಿನ ರೇಡಿಯಾಲಜಿಸ್ಟ್

ಮೇಡಂ, ವರದಿ ಬರೆದವರು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಉದ್ದ, ಆಳ, ದೂರ, ಮೂತ್ರನಾಳ, ಎಲ್ಲವೂ ಇದೆ. ಗುದನಾಳದ ಗಂಟು ಕರುಳಿನ ಸುತ್ತಳತೆಯಲ್ಲಿ ಎಷ್ಟು ಭಾಗ ಹಿಡಿದಿದೆ ಎಂಬುದು ಮಾತ್ರ ನೀವು ಬರೆದ ಸಾರಾಂಶದಲ್ಲಿಲ್ಲ. ಸಿಡಿ ನೋಡುವಾಗ ಸರ್ಜನ್ ಅದನ್ನು ಕೇಳಿಕೊಳ್ಳಲಿ. ಎರಡು ಅಂಡಾಶಯಗಳು ಹಿಂದೆ ನಡುವಿನಲ್ಲಿ ಸೇರಿಕೊಂಡಿರುವುದು ಸುತ್ತಲೂ ಅಂಟು ಹೆಚ್ಚಿದೆ ಎಂಬುದರ ಗುರುತು, ಕರುಳಿನ ಗಂಟು ಅಂಥವರಲ್ಲಿ ಹೆಚ್ಚಾಗಿ ಸಿಗುತ್ತದೆ, ಇಲ್ಲಿಯೂ ಸಿಕ್ಕಿದೆ. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಕಾಣದ ಬಲಗಡೆಯ ಸಿಸ್ಟ್ ಈಗ ಕಂಡಿರುವುದರಿಂದ ಎಎಂಎಚ್ ಪರೀಕ್ಷೆಯನ್ನು ಮುಂದೂಡಬೇಡಿ.

5.2 ಮತ್ತು 5.4ರ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ. ಬೇರೆ ಯಂತ್ರ, ಬೇರೆ ಕೈ, ಬೇರೆ ಕೋನದಿಂದ ಅಳೆದಾಗ ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಬಂದೇ ಬರುತ್ತದೆ, ಅದನ್ನು ಬೆಳವಣಿಗೆ ಎಂದು ಓದಲಾಗದು.

ನಾಲ್ಕೈದು ತಿಂಗಳ ಅವಧಿಯಲ್ಲಿ ಅವಳ ತೊಂದರೆಗಳು ಹೀಗೆಯೇ ಇದ್ದರೆ ಇದೇ ಎಂಆರ್‌ಐ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊನೆಯ ಮಾತು ಆಪರೇಷನ್ ಮಾಡುವವರದು. ಆಪರೇಷನ್‌ಗೆ ಹದಿನೈದು ದಿನ ಮೊದಲು ಎರಡು ಕಿಡ್ನಿಗಳ ಸಾಮಾನ್ಯ ಸ್ಕ್ಯಾನಿಂಗ್ ಒಂದನ್ನು ಮಾತ್ರ ಮಾಡಿಸಿ, ಅದು ಮಂಡ್ಯದಲ್ಲೇ ಆಗುತ್ತದೆ, ಹತ್ತು ನಿಮಿಷದ ಕೆಲಸ. ಅಷ್ಟರೊಳಗೆ ಮಲ ಕಟ್ಟಿಕೊಂಡು ಹೊಟ್ಟೆ ಉಬ್ಬುವುದು, ಮುಟ್ಟಿನ ಹೊರಗಿನ ದಿನಗಳಲ್ಲೂ ಮಲವಿಸರ್ಜನೆಗೆ ನೋವು, ಸೊಂಟದ ಒಂದು ಪಕ್ಕದಲ್ಲಿ ನೋವು, ಇವುಗಳಲ್ಲಿ ಯಾವುದೇ ಕಂಡರೂ ದಿನಾಂಕಕ್ಕೆ ಕಾಯದೆ ಸಿಡಿ ತೆಗೆದುಕೊಂಡು ಆ ಡಾಕ್ಟರಮ್ಮನವರ ಬಳಿಗೇ ಹೋಗಿ.